ಒಲೆಯ ಮೇಲಿನ ಚೀಲಗಳು

"ಬಾಗಿಲು ಹಾಕ್ಕೊಂಡು ಬಾ ಅಣ್ಣಾ, ಹೊಗೆಯೆಲ್ಲ ಹೊರಗೆ ಹೋಗ್ತದೆ!"

ಹಾಸಿಗೆ ಹಿಡಿದ ಅವ್ವನ ಸುದ್ದಿ ಹೊತ್ತು ಸೊರಬದಿಂದ ನೆನೆದುಕೊಂಡು ಬಂದ ಅಣ್ಣನಿಗೆ ಮೊದಲು ಆಡುವ ಮಾತೇ ಇದು? ತುಂಗಮ್ಮ ನಾಲಗೆ ಕಚ್ಚಿಕೊಂಡಳು.

ಸುಬ್ಬಪ್ಪ ಹೆಗಲ ಮೇಲಿದ್ದ ಗೋಣಿಚೀಲ ಇಳಿಸಿ, ಅಡುಗೆಮನೆಯ ಹೊಸ್ತಿಲ ಬಳಿ ಕೆಮ್ಮುತ್ತ ಕುಳಿತ. ಒಲೆಯ ಮೇಲೆ ಸಾಲಾಗಿ ಚೀಲಗಳು ತೂಗುತ್ತಿದ್ದವು. ಹಿಪ್ಪಲಿ, ಅಶ್ವಗಂಧ, ಒಣಶುಂಠಿ. ಎಲ್ಲವೂ ಅವಳ ಗಂಡ ಆನಂದಪ್ಪ ಕೆಲಸ ಮಾಡುವ ಶಿಕಾರಿಪುರದ ಆಯುರ್ವೇದ ಆಸ್ಪತ್ರೆಯವು. ಕೊನೆಯ ಕೊಕ್ಕೆಯಲ್ಲಿ ಮಾತ್ರ ಅವಳ ಬಟ್ಟೆಗಂಟು. ಅಣ್ಣ ತವರಿಗೆ ಕರೆದೊಯ್ಯಲು ಬರುತ್ತಾನೆಂದು ಬೆಳಿಗ್ಗೆಯೇ ಕಟ್ಟಿ, ನೆಲದ ತೇವ ತಾಗದಿರಲೆಂದು ಮೇಲೆ ತೂಗುಹಾಕಿದ್ದಳು.

"ಅವ್ವ ಗಂಜೀನೂ ಬಿಟ್ಟಾಳೆ. ತುಂಗಾ ಬಂದ್ಲಾ, ತುಂಗಾ ಬಂದ್ಲಾ, ಇದೊಂದೇ ಮಾತು. ಮಧ್ಯಾಹ್ನದ ಬಸ್ಸಿಗೇ ಹೊರಡಾಣ."

ಈ ಒಲೆ ಬಿಟ್ಟು ಹೇಗೆ ಹೊರಡುವುದು? ತಪ್ಪು ಯಾರದು? ರಾಜ್ಯ ಒಂದಾದ ವರ್ಷದ ಮಳೆಗಾಲದಲ್ಲಿ ಆಸ್ಪತ್ರೆ ಉಗ್ರಾಣದ ಬೇರುಗಳೆಲ್ಲ ಹುಳ ತಿಂದು ಹಿಟ್ಟಾಗಿದ್ದವು. ಉಗ್ರಾಣ ನೋಡಿಕೊಳ್ಳುವ ಆನಂದಪ್ಪನಿಗೆ ಸಾಹೇಬರು ಬಾಯಿಗೆ ಬಂದಂತೆ ಬೈದಿದ್ದರು. ಅಯ್ಯೋ ಪಾಪ ಅನ್ನಿಸಿ ಇವಳೇ ಹೇಳಿದ್ದಳು: "ನಮ್ಮವ್ವ ಬೀಜದ ಅವರೆ ಒಲೆ ಮೇಲೆ ಕಟ್ತಾಳೆ. ಹುಳ ಮುಟ್ಟಲ್ಲ ರೀ."

ಹುಳ ಮುಟ್ಟಲಿಲ್ಲ. ಆನಂದಪ್ಪನಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು, ಇವಳಿಗೆ ಮಳೆಗಾಲವಿಡೀ ಆರದ ಒಲೆ. ಉರಿ ಎದ್ದರೆ ಚೀಲ ಸುಡುತ್ತದೆ, ಹೊಗೆ ನಿಂತರೆ ಬೂಷ್ಟು. ಹೋದ ವರ್ಷ ಗಂಡನನ್ನು ನಂಬಿ ಒಂದು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಚೀಲ ಅಳಲೆಕಾಯಿ ಬೂದಿಯಾಗಿತ್ತು.

ಊಟಕ್ಕೆ ಬಂದ ಆನಂದಪ್ಪ ಗಂಟು ನೋಡಿದ, ಹೆಂಡತಿಯ ಮುಖ ನೋಡಿದ.

"ದೀಪಾವಳಿ ಹೊತ್ತಿಗೆ ನಾನೇ ಕರ್ಕೊಂಡ್ ಬರ್ತೀನಿ ಭಾವಾ. ಈ ಸಲ ಔಷಧಿ ಹಾಳಾದ್ರೆ ನನ್ ನೌಕರಿ ಉಳಿಯಲ್ಲ."

"ದೀಪಾವಳಿ ತನಕ ಅವ್ವ ಇರ್ಬೇಕಲ್ಲ ರೀ?" ತುಂಗಮ್ಮ ಕೇಳಿದಳು.

ಆನಂದಪ್ಪ ಅತ್ತ ತಿರುಗಿದ. ಹೊಸ್ತಿಲ ಬಳಿಯ ಗೋಣಿಚೀಲದ ಕಡೆ ಕೈತೋರಿಸಿ, "ಇದೇನು?" ಅಂದ.

ಸುಬ್ಬಪ್ಪನ ಮುಖ ಕಪ್ಪಿಟ್ಟಿತು. "ನಮ್ಮೂರ ಔಷಧಿ ಪಂಡಿತರು ಕೊಟ್ರು. ಹೆಂಗೂ ಶಿಕಾರಿಪುರಕ್ಕೆ ಹೋಗ್ತೀಯಲ್ಲ, ಅಲ್ಲಿ ಔಷಧಿಗೆ ಹುಳ ಹಿಡಿಯಲ್ವಂತೆ, ನಿನ್ ತಂಗಿ ಗಂಡನ ಕೈಗೆ ಕೊಡು ಅಂದ್ರು. ಇವಳ ಒಲೆ ಮೇಲೇ ಬಂದು ಕೂರ್ತದೆ ಅಂತ ನಂಗೇನ್ ಗೊತ್ತು ಮಾರಾಯಾ!" ಎದ್ದು ಚೀಲಕ್ಕೆ ಕೈಹಾಕಿದ. "ವಾಪಸ್ ಹೊತ್ಕೊಂಡು ಹೋಗ್ತೀನಿ, ಬಿಡು."

ತುಂಗಮ್ಮ ಚೀಲ ಮುಟ್ಟಿ ನೋಡಿದಳು. ಒಳಗೆ ಶತಾವರಿ ಬೇರು, ತಣ್ಣಗೆ ಒದ್ದೆ. ಚೀಲದ ಮೇಲೆ, ಗಂಡನ ಮೇಲೆ, ಅಂದು ಬಾಯಿಬಿಟ್ಟ ತನ್ನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು.

"ಪೂರ್ತಿ ನೆಂದೈತೆ. ಇಲ್ಲಿ ಕೊಡು" ಅಂದಳು.

ಖಾಲಿ ಕೊಕ್ಕೆ ಇರಲಿಲ್ಲ. ಮಣೆ ಹತ್ತಿ ತನ್ನ ಗಂಟು ಇಳಿಸಿದಳು, ಆ ಜಾಗಕ್ಕೆ ಸೊರಬದ ಚೀಲ ಸಿಕ್ಕಿಸಿದಳು. ಗಂಟು ಬಿಚ್ಚಿ, ಅವ್ವನಿಗೆಂದು ಇಟ್ಟಿದ್ದ ಮೆತ್ತನೆಯ ಹಳೇ ಸೀರೆ ತೆಗೆದು ಅಣ್ಣನ ಕೈಗಿತ್ತಳು.

ಸುಬ್ಬಪ್ಪ ಸೀರೆ ಕಂಕುಳಲ್ಲಿಟ್ಟುಕೊಂಡು ಹೊರಟ. ಹೊರಗೆ ಕಾಲಿಟ್ಟವನು, ಯಾರೂ ಹೇಳದಿದ್ದರೂ, ಬಾಗಿಲು ಬಿಗಿಯಾಗಿ ಎಳೆದುಕೊಂಡು ಹೋದ.