ಬಿರುಕಿಗೆ ಮೆತ್ತಿದ ಹಿಟ್ಟು

ಸಾರಿನೊಳಗೆ ಮತ್ತೆ ಸುಣ್ಣದ ಪುಡಿ, ಬಸವೇಶ್ವರಿ ಸೌಟಿನ ತುದಿಯಿಂದ ಎತ್ತಿ ಚೆಲ್ಲಿದಳು, ಬಡಿಸಬೇಕು, ಗಾಣಗಾಪುರಕ್ಕೆ ಹೊರಟ ಯಾತ್ರಿಕರು ಕೂತಿದ್ದಾರೆ, ಆದರೆ ಈ ಪುಡಿ ಗೋಡೆಯದು, ಇಂಗ್ರೇಜರ ಕಾಲದ ಗೂಡ್ಸ್ ಶೆಡ್ಡಿನ ಕಲ್ಲುಗೋಡೆ, ಹತ್ತಿ, ಜೋಳ ಇಳಿಸಲು ಕಟ್ಟಿದ್ದು, ಚಂದಕ್ಕೆಂದು ಒಂದು ಹೂವನ್ನೂ ಕೆತ್ತಿಸಿಲ್ಲ, ಕೆಲಸಕ್ಕೆ ಬಾರದ್ದು ಇದರಲ್ಲಿ ಒಂದೂ ಇಲ್ಲ — ಒಂದೂ ಇಲ್ಲವೆಂದ ಮೇಲೆ ಆ ಸರಳು? ಈ ಗೋಡೆಯಿಂದ ಆ ಗೋಡೆಗೆ ಬಿಗಿದ ಕಬ್ಬಿಣದ ಸರಳು, ಇಲ್ಲಿ ಖಾನಾವಳಿ ಇಟ್ಟಾಗಿನಿಂದ ರೊಟ್ಟಿ ಬುಟ್ಟಿ ತೂಗಿದ್ದು ಅದಕ್ಕೇ, ಮಗಳು ನಾಗರತ್ನಾಳ ತೊಟ್ಟಿಲು ಕಟ್ಟಿದ್ದೂ ಅದಕ್ಕೇ, ಮೊನ್ನೆ ಫ್ಯಾನು ಬಂತು, ರೆಕ್ಕೆ ಸರಳಿಗೆ ಬಡಿಯಿತು, ಕೊಯ್ದು ಒಗೀಲೇ ಚಾಂದಪಾಶಾ ಎಂದ ಗಂಡ ಗುರುಲಿಂಗ, ವೆಲ್ಡಿಂಗಿನ ಚಾಂದಪಾಶಾ ನಕ್ಕ, ಸಾಹೇಬರು ಚಡ್ಡಿ ಒಣಗ್ಸಾಕ ಕಟ್ಟ್ಯಾರ ನೋಡ್ರಿ ಅಕ್ಕಾ, ತಾನೂ ನಕ್ಕಿದ್ದಳು, ಸರಳು ಸುಮ್ಮನೆ ಬೀಳಲಿಲ್ಲ, ಜಗ್ಗಿ ಹಿಡಿದ ಹಗ್ಗ ಕೊಯ್ದಂತೆ ಠಣ್ ಎಂದು ಎರಡೂ ಕಡೆ ಸಿಡಿಯಿತು — ಏನನ್ನು ಜಗ್ಗಿ ಹಿಡಿದಿತ್ತು ಅದು, ಈ ಎರಡು ಗೋಡೆಗಳನ್ನೇ? ಹೊರಗೆ ಅದರ ತುದಿಗೆ ರೊಟ್ಟಿ ಹಂಚಿನಷ್ಟು ದೊಡ್ಡ ಕಬ್ಬಿಣದ ಬಿಲ್ಲೆ, ಗೋಡೆಗೆ ಅಂಟಿಕೊಂಡೇ ಇದ್ದದ್ದು, ನಿನ್ನೆ ಅದರ ಹಿಂದೆ ಬೆರಳು ತೂರಿತು, ಒಳಗೆ ಬಿರುಕು, ಅವ್ವ ಮಾಡುತ್ತಿದ್ದ ಹಾಗೆ ಬಿರುಕಿಗೆ ಅಡ್ಡ ಜೋಳದ ಹಸಿ ಹಿಟ್ಟು ಮೆತ್ತಿದಳು, ಹಿಟ್ಟು ಸೀಳಿತಂದ್ರ ಗ್ವಾಡಿ ನಡ್ಯಾಕತ್ತದ ಅಂತ ತಿಳಕೊ ಮಗಳ, ಬೆಳಿಗ್ಗೆ ಸೀಳಿತ್ತು, ಗುರುಲಿಂಗ ಅಂದ, ಹುಚ್ಚಿ, ಒಣಗಿದ ಹಿಟ್ಟು ಸೀಳಂಗಿಲ್ಲೇನು, ಸೀಳುತ್ತದೆ, ಅದಕ್ಕೇ ಅಲ್ಲವೇ ಅವಳು ಎರಡು ಮೆತ್ತಿದ್ದು, ಬಿರುಕಿಲ್ಲದ ಕಡೆಯೂ ಒಂದು, ಅದೂ ಒಣಗಿದೆ, ಆದರೂ ಇಡಿಯಾಗಿದೆ, ಇದೊಂದೇ ಸೀಳಿದ್ದು, ಈಗ ಇನ್ನಷ್ಟು ಅಗಲ, ಅದರ ಕೆಳಗೇ ಗಂಡ ಉಂಡು ಮಲಗಿದ್ದಾನೆ, ಹೊಸ ಫ್ಯಾನಿನ ಗಾಳಿಗೆ, ದೂರದಲ್ಲಿ ಮಾಲುಗಾಡಿಯ ಸೀಟಿ, ಮಾಲುಗಾಡಿ ಹಾದಾಗಲೇ ಪುಡಿ ಉದುರುವುದು, ಸೌಟು ಅಲ್ಲೇ ಬಿಟ್ಟಳು, ಏಳ್ರಿ, ತಾಟು ಬಿಟ್ಟು ಹೊರಗ ನಡೀರಿ ಎಲ್ಲಾರೂ, ಅಕ್ಕಾ ಇನ್ನಾ ಮಜ್ಜಿಗಿ ಕುಡದಿಲ್ಲರಿ, ಮಜ್ಜಿಗಿ ಅಲ್ಲೇ ಕೊಡ್ತೇನಿ, ಓಡ್ರೀ, ನಗುತ್ತ ಎದ್ದರು, ಎದ್ದರಲ್ಲ ಅಷ್ಟೇ ಸಾಕು, ಹೊರಗಾದರು, ಗುರುಲಿಂಗ ಏಳಲಿಲ್ಲ, ಫ್ಯಾನಿನ ಸದ್ದಿಗೆ ಅವನಿಗೆ ಏನೂ ಕೇಳದು, ಏನ್ರಿ, ಏಳ್ರಿ, ನೆಲ ನಡುಗತೊಡಗಿತು, ರಟ್ಟೆ ಹಿಡಿದು ಜಗ್ಗಿದಳು, ಭಾರ, ನಿದ್ದೆಯ ಭಾರ, ಮತ್ತೆ ಜಗ್ಗಿದಳು, ಕಣ್ಣು ಮಾತ್ರ ಮೇಲಕ್ಕೆ, ಅವನ ತಲೆಯ ಮೇಲಕ್ಕೆ, ಹಿಟ್ಟಿಗೆ, ಎರಡು ಹೋಳಾದ ಹಿಟ್ಟು, ನಡುವಿನ ಸೀಳಿನಲ್ಲಿ ಈಗ ಕತ್ತಲೆಯಿಲ್ಲ, ಬೆಳಕು, ಹೊರಗಿನ ಬಿಸಿಲು, ಹಿಟ್ಟಿನ ನಡುವೆ ಬಿಸಿಲು —