ನೆನೆ ಹಾಕಿದ ಬೀಜ

ಗಂಗೂಬಾಯಿ ಕರಿಬೇವಿನ ಎಲೆಯೊಂದನ್ನು ತಂದು ಮಲಕಾಜಪ್ಪನ ಅಂಗೈಯಲ್ಲಿಟ್ಟರು. ಎಲೆಯ ಹಿಂಬದಿಗೆ ಹಿಟ್ಟು ಉದುರಿಸಿದಂತೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು. "ಇದಕ್ಕೇನು ಮಾಡಬೇಕೋ ಮಲಕಾಜಿ? ನೀ ಅದನ್ನೇ ಓದಲಿಕ್ಕೆ ಹತ್ತೀಯಲಾ," ಎಂದು ಕೇಳಿದರು.

ಅವನು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ಮತ್ತೆ ನೋಡಿದ. ಆ ಹುಳದ ಹೆಸರು ಅವನಿಗೆ ಗೊತ್ತಿರಬೇಕಿತ್ತು. ಹೋದ ಟರ್ಮಿನಲ್ಲಿ ಇಡೀ ಒಂದು ತಾಸು ಅದರ ಮೇಲೆ ಪಾಠವಾಗಿತ್ತು. ಆ ತಾಸಿನಿಂದ ಅವನಲ್ಲಿ ಉಳಿದದ್ದು ಕಿಟಕಿಯ ಹೊರಗಿನ ಬೇವಿನ ಮರ ಮತ್ತು ವಹಿಯ ಕೊನೆಯ ಹಾಳೆಯಲ್ಲಿ ಬಿಡಿಸಿದ್ದ ಒಂದು ಲೆಕ್ಕ, ಅಷ್ಟೇ. "ತಂಬಾಕಿನ ನೀರು ಹೊಡದು ನೋಡ್ರಿ ಬಾಯಾರ," ಎಂದ. ಅದು ಅವನ ಅವ್ವ ಬಾಯವ್ವ ಬದನೆ ಗಿಡಕ್ಕೆ ಮಾಡುತ್ತಿದ್ದ ಉಪಾಯ. ಗಂಗೂಬಾಯಿ ಅದನ್ನು ಕಾಲೇಜಿನ ಮಾತೆಂದೇ ತಿಳಿದು ತಲೆದೂಗುತ್ತ ಒಳಗೆ ಹೋದರು.

ಒಳಗಿನಿಂದ ಅವರ ಗಂಡ ಪಾಂಡುರಂಗ ಮಾಸ್ತರರ ಪೂಜೆಯ ಗಂಟೆ ಕೇಳುತ್ತಿತ್ತು. ಸುರೇಬಾನದಿಂದ ಮುಂಜಾನೆಯ ಬಸ್ಸಿಗೆ ರಾಮದುರ್ಗಕ್ಕೆ ಬಂದವನು ಪಡಸಾಲೆಯ ಕಂಬಕ್ಕೆ ಒರಗಿ ಕಾಯುತ್ತಿದ್ದ. ಸಂಸ್ಥಾನವಿದ್ದಾಗಿನ ಸಾಲೆಯಲ್ಲಿ ಅವನಿಗೆ ಗಣಿತ ಕಲಿಸಿದವರು ಇವರೇ. ಮೆಟ್ರಿಕ್ ಮುಗಿದಾಗ ಧಾರವಾಡದ ಒಕ್ಕಲುತನದ ಕಾಲೇಜಿನ ಸುದ್ದಿ ತಂದವರೂ, ತಮ್ಮ ಕೈಯಾರೆ ಅರ್ಜಿ ತುಂಬಿ ಅಪ್ಪ ಅಮೋಘಸಿದ್ದಪ್ಪನಿಂದ ಹೆಬ್ಬೆಟ್ಟು ಒತ್ತಿಸಿದವರೂ ಇವರೇ. ಈಗ ಎರಡನೆಯ ವರ್ಷ ನಡೆದಿತ್ತು. ದಸರೆಯ ಸೂಟಿ ಮುಗಿಯಲು ನಾಲ್ಕು ದಿನ ಉಳಿದಿದ್ದವು. ಆ ಓದು ತನಗೆ ಬೇಡ, ಬಿಟ್ಟು ಗಣಿತಕ್ಕೆ ಹೋಗಲು ಬರುತ್ತದೆಯೇ ಎಂದು ಕೇಳಲು ಬಂದಿದ್ದ. ಇನ್ನೊಂದು ಮಾತೂ ಇತ್ತು. ಅದನ್ನು ಹೇಳುವುದೋ ಬಿಡುವುದೋ ಎಂಬುದು ಬಸ್ಸಿನಲ್ಲಿ ನಿರ್ಧಾರವಾಗಿರಲಿಲ್ಲ, ಇಲ್ಲಿ ಕೂತ ಮೇಲೂ ಆಗಲಿಲ್ಲ.

ಅವನು ಸೂಟಿಗೆ ಬಂದ ದಿನ ಅಪ್ಪ ಹಿಂಗಾರಿ ಬಿತ್ತನೆಗೆ ಜೋಳ ತೆಗೆದಿಟ್ಟಿದ್ದ. ಹೋದ ವರ್ಷ ಊರ ಜೋಳಕ್ಕೆಲ್ಲ ಕಾಡಿಗೆ ರೋಗ ಬಿದ್ದು, ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿಕೊಂಡಿತ್ತು. ಇದಕ್ಕೆ ನಿಮ್ಮ ಕಾಲೇಜಿನಲ್ಲಿ ಏನು ಹೇಳುತ್ತಾರೆ ಎಂದು ಅಪ್ಪ ಕೇಳಿದ. ಕೇಳುವಾಗ ಕಟ್ಟೆಯ ಮೇಲೆ ಓಣಿಯ ಶಟ್ಟೆವ್ವ ಸೇರಿ ನಾಲ್ಕು ಮಂದಿ ಇದ್ದರು. ಬಹುಶಃ ಅವರಿರಲಿ ಎಂದೇ ಆ ಹೊತ್ತು ನೋಡಿ ಕೇಳಿದ್ದ. ಮಲಕಾಜಪ್ಪ ವಹಿ ತೆರೆದ. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿಡುವುದು ಎಂದು ಬರೆದು, ಮುಂದೆ ಎರಡು ಅಂಕೆ ಹಾಕಿದ್ದ: 2, 10. ಅದರ ಕೆಳಗೆ ಅರ್ಧ ಹಾಳೆ ತ್ರಿಕೋನಗಳು. ಎರಡು ಎಂದರೆ ನೂರಕ್ಕೆ ಎರಡು ಭಾಗ, ಅದು ನೆನಪಿತ್ತು. ಹತ್ತು ಎಂದರೆ ಹತ್ತು ತಾಸೇ ಇರಬೇಕು ಎಂದುಕೊಂಡ. ಮನೆಯಲ್ಲಿ ಕಾಳು ನೆನೆ ಹಾಕುವುದು ಸಂಜೆಗೆ, ತೆಗೆಯುವುದು ಬೆಳಿಗ್ಗೆ. ಎಣಿಸಿದರೆ ಹೆಚ್ಚು ಕಡಿಮೆ ಹತ್ತು ತಾಸೇ ಆಗುತ್ತದೆ. "ರಾತ್ರಿಯೆಲ್ಲಾ ಇಡಬೇಕು," ಎಂದು ಒಂದಿಷ್ಟೂ ಅನುಮಾನವಿಲ್ಲದ ದನಿಯಲ್ಲಿ ಹೇಳಿದ್ದ.

ಬಿತ್ತಿದ ಎಂಟನೆಯ ದಿನವೂ ಎರೆ ಹೊಲ ಕರ್ರಗೇ ಇತ್ತು. ಅಪ್ಪ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರಿದ. ಕಾಳು ಇಟ್ಟಲ್ಲೇ ಇದ್ದವು, ಉಬ್ಬಿದ್ದವು, ಮೊಳಕೆ ಇರಲಿಲ್ಲ. ಒಂದನ್ನು ಉಗುರಿನ ನಡುವೆ ಹಿಚುಕಿ ಮೂಸಿ ನೋಡಿ ಕೈ ಒರೆಸಿಕೊಂಡ. ಮನೆಗೆ ಬಂದ ಮಲಕಾಜಪ್ಪ ಟ್ರಂಕಿನ ತಳದಿಂದ ಮುಂಬೈ ಸರಕಾರದ ಕರಪತ್ರವೊಂದನ್ನು ಹುಡುಕಿ ತೆಗೆದ. ಕಾಲೇಜಿನಲ್ಲಿ ಹಂಚಿದ್ದನ್ನು ಓದದೇ ಇಟ್ಟಿದ್ದ. ಹತ್ತು ನಿಮಿಷ ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು; ಹೆಚ್ಚು ಹೊತ್ತು ಇಟ್ಟರೆ ಬೀಜ ಸಾಯುತ್ತದೆ ಎಂದೂ ಇತ್ತು. ಅದನ್ನು ಮಡಚಿ ಮತ್ತೆ ತಳಕ್ಕೇ ಇಟ್ಟ. ಅಪ್ಪ ಬೈದಿದ್ದರೆ ಹೇಳಿಬಿಡುತ್ತಿದ್ದನೇನೋ. ಅಪ್ಪ ಬೈಯಲಿಲ್ಲ. ಅವ್ವನಿಗೆ ನೆಲದಲ್ಲಿ ಹಸಿ ಕಡಿಮೆಯಾಯಿತು ಎಂದ, ಊರವರಿಗೆ ಇರುವೆ ಹೊತ್ತುಕೊಂಡು ಹೋದವು ಎಂದ. ಅವ್ವನ ತವರಿನಿಂದ ಬೀಜ ತಂದು ಮತ್ತೆ ಕೂರಿಗೆ ಹೂಡಿದ. ಈ ಸಲ ಬೀಜಕ್ಕೆ ಔಷಧ ಹಾಕಲಿಲ್ಲ. ಯಾಕೆ ಹಾಕಲಿಲ್ಲವೆಂದು ಮಗನೂ ಕೇಳಲಿಲ್ಲ.

ಮಾಸ್ತರರು ಒದ್ದೆ ಪಂಚೆಯ ಅಂಚು ಹಿಂಡುತ್ತ ಹೊರಗೆ ಬಂದು ಎದುರಿಗೆ ಕೂತರು. ಮಲಕಾಜಪ್ಪ ಕಂಠಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ. ಹುಲ್ಲಿನ ಹೆಸರು, ಗೊಬ್ಬರದ ತೂಕ, ಆಕಳ ಹಲ್ಲಿನ ಲೆಕ್ಕ, ಎಲ್ಲವನ್ನೂ ಬಾಯಿಪಾಠ ಮಾಡಬೇಕು. ತನಗೆ ಅದರಲ್ಲಿ ಮನಸ್ಸು ನಿಲ್ಲುವುದಿಲ್ಲ. ತರಗತಿಯಲ್ಲಿ ಕೂತು ಬೇರೆ ಕಾಲೇಜಿನ ಹುಡುಗರಿಂದ ತಂದ ಗಣಿತದ ಪುಸ್ತಕ ಓದುತ್ತೇನೆ. ಊರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ತಾನು, ಅದು ಇವರು ಕೊಡಿಸಿದ್ದು, ಅದನ್ನೇ ಬೇಡವೆನ್ನುತ್ತಿದ್ದೇನೆ ಎಂಬುದು ಮಾತು ಬಾಯಿಂದ ಹೊರಬಿದ್ದ ಮೇಲೆ ಮತ್ತಷ್ಟು ಕೆಟ್ಟದಾಗಿ ಕೇಳಿಸಿತು.

ಮಾಸ್ತರರು ಬಹಳ ಹೊತ್ತು ಯೋಚಿಸಲಿಲ್ಲ. "ನಂದೇ ತಪ್ಪು," ಎಂದರು. "ಒಕ್ಕಲಿಗರ ಹುಡುಗ ಅಂತ ಒಕ್ಕಲುತನಕ್ಕ ಕಳಿಸಿದೆ. ನೀ ಗಣಿತದಾಗ ಎಂಥಾವ ಅನ್ನೋದು ನನಗ ಗೊತ್ತಿತ್ತು. ಗೊತ್ತಿದ್ದೂ ಹಂಗ ಮಾಡಿದೆ. ಅದನ್ನ ಈಗ ತಿದ್ದೋಣಂತ."

ಇಷ್ಟು ಸಲೀಸಾಗಿ ಒಬ್ಬರು ತಪ್ಪು ಒಪ್ಪಿಕೊಳ್ಳುವುದನ್ನು ಮಲಕಾಜಪ್ಪ ನಿರೀಕ್ಷಿಸಿರಲಿಲ್ಲ. ಅವನು ಚಾಪೆಯ ಅಂಚಿನ ಕಡ್ಡಿಯೊಂದನ್ನು ಮುರಿಯತೊಡಗಿದ. ಮಾಸ್ತರರು ಮುಂದಿನದನ್ನು ವಿವರಿಸಿದರು. ಧಾರವಾಡದ ಇನ್ನೊಂದು ಕಾಲೇಜಿನ ಗಣಿತದ ಪ್ರಾಧ್ಯಾಪಕರೊಬ್ಬರು ತಮ್ಮ ಜೊತೆ ಓದಿದವರು, ಅವರಿಗೆ ಪತ್ರ ಕೊಡುತ್ತೇನೆ. ಆದರೆ ಎರಡನೆಯ ಟರ್ಮು ಸುರುವಾಗುವ ದಿನವೇ, ಅಂದರೆ ಸೋಮವಾರ, ಅವನೇ ಖುದ್ದಾಗಿ ಹೋಗಿ ಅರ್ಜಿ ಕೊಡಬೇಕು. ಸೋಮವಾರ ದಾಟಿದರೆ ಈ ವರ್ಷ ಆಗುವುದಿಲ್ಲ, ಮುಂದಿನ ವರ್ಷ ವಯಸ್ಸು ಮತ್ತು ಜಾಗ ಎರಡರದ್ದೂ ತಕರಾರು ಬರುತ್ತದೆ.

"ಹಂಗಂತ ಅಲ್ಲಿ ಕಲತದ್ದೇನೂ ವ್ಯರ್ಥ ಆಗಿಲ್ಲ ನೋಡು," ಎಂದು ಮಾಸ್ತರರು ನಕ್ಕರು. "ನಿಮ್ಮೂರ ಶಟ್ಟೆವ್ವ ನಿನ್ನೆ ಸಂತ್ಯಾಗ ಸಿಕ್ಕಿದ್ದಳು. ನೀ ಹೇಳಿದ ಔಷಧಾನ ಒಯ್ಯಲಿಕ್ಕೆ ಬಂದಿದ್ದಳಂತ. ಇವತ್ತ ಸಂಜಿಗೆ ನೆನೆ ಹಾಕಿ ನಾಳೆ ಬಿತ್ತತಾಳಂತ. ನಿನ್ನ ಹೊಗಳಿದ್ದೇ ಹೊಗಳಿದ್ದು."

ಮಲಕಾಜಪ್ಪ ಎದ್ದು ನಿಂತ. ಗಂಗೂಬಾಯಿ ಪಡಸಾಲೆಯಲ್ಲೇ ಅವನಿಗೆ ಎಲೆ ಹಾಕಿ ನೀರಿಟ್ಟಿದ್ದರು. ಉಣ್ಣದೇ ಹೋಗುವುದು ಯಾವ ಪದ್ಧತಿ ಎಂದು ಅವರು ಕೇಳುತ್ತಿದ್ದಂತೆಯೇ ಅವನು ಚಪ್ಪಲಿ ಮೆಟ್ಟಿದ. ಪತ್ರ ಬರೆದುಕೊಡುತ್ತೇನೆ, ನಿಲ್ಲು ಎಂದರು ಮಾಸ್ತರರು. ನಾಳೆ ಬಂದು ಒಯ್ಯುತ್ತೇನೆ ಎಂದ. ಯಾಕೆ ಹೀಗೆ ಓಡುತ್ತಿದ್ದಾನೆಂದು ಹೇಳಲು ಬಾಯಿ ಬರಲಿಲ್ಲ. ಈಗಷ್ಟೇ ಹೊಗಳಿಸಿಕೊಂಡಿದ್ದ.

ಮಧ್ಯಾಹ್ನದ ಬಸ್ಸು ಹಿಂದಿನ ಗಾಲಿ ಬಿಚ್ಚಿಕೊಂಡು ನಿಂತಿತ್ತು. ಅದು ಹೊರಡುವಾಗ ಮೂರು ದಾಟಿತು. ದಾರಿಯುದ್ದಕ್ಕೂ ಅವನು ಯಾರಿಗೂ ನೋವಾಗದಂಥ ಒಂದು ವಾಕ್ಯಕ್ಕಾಗಿ ಹುಡುಕಿದ. ಮೊದಲಿನ ಔಷಧಿ ಬದಲಾಗಿದೆ ಎನ್ನಬಹುದಿತ್ತು. ಸರಕಾರದಿಂದ ಹೊಸ ಸುದ್ದಿ ಬಂದಿದೆ ಎನ್ನಬಹುದಿತ್ತು. ಹಾಗೆ ಹೇಳಿದರೆ ಶಟ್ಟೆವ್ವನ ಬೀಜವೂ ಉಳಿಯುತ್ತಿತ್ತು, ಅಪ್ಪನ ಇರುವೆಯೂ ಉಳಿಯುತ್ತಿತ್ತು. ಊರ ಅಗಸಿ ಬಾಗಿಲು ಕಾಣುವ ಹೊತ್ತಿಗೆ ಆ ವಾಕ್ಯ ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ, ಅವನಿಗೇ ತನ್ನ ಬಗ್ಗೆ ಹೇಸಿಗೆಯಾಯಿತು.

ಶಟ್ಟೆವ್ವನ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅವಳ ಗಂಡ ಸತ್ತು ಆರು ವರ್ಷ. ಪಾಲಿಗೆ ಉಳಿದ ಎರಡು ತುಂಡು ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಮಣ್ಣಿನ ಹರವಿಯ ತುಂಬ ನೀಲಿ ನೀರು ತುಂಬಿಸಿ, ಬೀಜ ಕಟ್ಟಿದ ಅರಿವೆಯ ಗಂಟನ್ನು ಅದರ ಬಾಯಿಗೆ ಹಿಡಿದು ನಿಂತಿದ್ದಳು. ನೀರಿನ ಅಳತೆ ಹೇಳಲು ಅಮೋಘಸಿದ್ದಪ್ಪ ಬಂದು ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಕರೆದರೆ ಬರದಿರಲು ಅವನಿಗೆ ಕಾರಣ ಸಿಕ್ಕಿರಲಿಕ್ಕಿಲ್ಲ. ಮಗನನ್ನು ಕಂಡೊಡನೆ ಅವನು ಮುಖ ಬೇರೆ ಕಡೆ ತಿರುಗಿಸಿದ.

"ಬರ್ರೆಪಾ ಸಾಹೇಬರ," ಎಂದ ನೆರೆಮನೆಯ ಮಡಿವಾಳೆಪ್ಪ. "ನಿಮ್ಮ ಔಷಧ ನೋಡಾಕ ನಿಂತೇವಿ. ಇದನ್ನ ಕುಡದ್ರ ನಾವೂ ತೆನಿ ಬಿಡತೇವೇನು?"

"ಚಿಗವ್ವಾ, ಅದನ್ನ ಅದ್ದಬ್ಯಾಡ," ಎಂದ ಮಲಕಾಜಪ್ಪ. ಓಡಿ ಬಂದಿದ್ದರಿಂದ ಉಸಿರು ಸಾಲುತ್ತಿರಲಿಲ್ಲ. "ರಾತ್ರಿಯೆಲ್ಲಾ ಇಟ್ರ ಬೀಜ ಸಾಯತಾವು. ನಮ್ಮ ಹೊಲದಾಗ ಅದ ಆತು."

"ನಿಮ್ಮ ಹೊಲದ್ದು ಇರಿವಿ ಒಯ್ದೂ ಅಂದಿದ್ನಲ್ಲ ನಿಮ್ಮಪ್ಪ?" ಎಂದ ಮಡಿವಾಳೆಪ್ಪ.

ಎಲ್ಲರೂ ಅಮೋಘಸಿದ್ದಪ್ಪನ ಕಡೆ ನೋಡಿದರು. "ಇರಿವಿ ಇದ್ದೂ," ಎಂದ ಅವನು. "ಹಸೀನೂ ಕಡಿಮಿ ಇತ್ತು. ಅಂವಗೇನ ಗೊತ್ತು, ಅಂವೇನ ಊರಾಗ ಇರತಾನೇನು?"

"ಹಸಿ ಇತ್ತಪ್ಪಾ. ಕಾಳೂ ಅಲ್ಲೇ ಇದ್ದೂ. ನೀನ ಕೆದರಿ ನೋಡೀದಿ." ಮಲಕಾಜಪ್ಪ ಅಪ್ಪನನ್ನು ನೋಡದೆ ಹರವಿಯ ನೀರನ್ನೇ ನೋಡುತ್ತ ಹೇಳಿದ. "ನಾ ಪಾಠಾ ನೆಟ್ಟಗ ಬರಕೊಂಡಿರಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೇಳಿದೆ."

ಅಮೋಘಸಿದ್ದಪ್ಪ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಅದರ ಮಡಿಕೆಗಳನ್ನು ಸರಿಮಾಡತೊಡಗಿದ. ನಡುವಯಸ್ಸು ದಾಟಿದ ಆ ಮನುಷ್ಯನ ಬರಿದಾದ ತಲೆಯನ್ನು ಊರವರು ಬಯಲಲ್ಲಿ ನೋಡಿದ್ದು ಕಡಿಮೆ.

ಶಟ್ಟೆವ್ವ ಗಂಟನ್ನು ಎದೆಗೆ ಅವಚಿಕೊಂಡು ಕೂತಳು. ಕಾಡಿಗೆ ಬೀಳದ ತೆನೆಗಳನ್ನೇ ಒಂದೊಂದಾಗಿ ಆಯ್ದು, ವರ್ಷವೆಲ್ಲ ಜಂತಿಗೆ ಕಟ್ಟಿ ಹೊಗೆಯಲ್ಲಿ ಕಾದಿದ್ದ ಬೀಜ ಅದು. ಮನೆಯಲ್ಲಿ ಬೇರೆ ಇರಲಿಲ್ಲ. "ಇದು ನಿನಗ ಎಂದ ತಿಳೀತು?" ಎಂದು ಕೇಳಿದಳು.

"ಎಂಟ ದಿನಾ ಆತು."

"ಎಂಟ ದಿನ." ಅವಳು ದನಿ ಏರಿಸಲಿಲ್ಲ. "ಈ ಎಂಟ ದಿನದಾಗ ಎರಡ ಸಲ ನಿಮ್ಮ ಮನಿಗಿ ಮಜ್ಜಿಗಿಗಿ ಬಂದಿದ್ನೆಪಾ. ಚರಿಗಿ ತುಂಬಿ ಕೈಯಾಗ ಕೊಟ್ಟಾಂವ ನೀನ."

ಹಾಗಾದರೆ ಎಷ್ಟು ಹೊತ್ತು ಇಡಬೇಕು ಎಂದು ಕೇಳಿದಳು. ಹತ್ತು ನಿಮಿಷ ಎಂದ. ಇದನ್ನಾದರೂ ತಿಳಿದು ಹೇಳುತ್ತಿದ್ದಾನೋ ಹೇಗೆ ಎಂದಳು. ಸರಕಾರದ ಕಾಗದದಲ್ಲಿದೆ, ಓದಿದ್ದೇನೆ, ಮೂರು ಸಲ ಓದಿದ್ದೇನೆ ಎಂದ. ಶಟ್ಟೆವ್ವ ಸ್ವಲ್ಪ ಹೊತ್ತು ಗಂಟಿನ ಮೇಲೆ ಕೈಯಾಡಿಸಿದಳು.

"ಹಂಗಾರ ನಾಳೆ ಬಿತ್ತತೇನಿ. ಮೊಳಕಿ ಮ್ಯಾಲ ಬರೂತನಕ ನೀ ಊರ ಬಿಡಬ್ಯಾಡ. ಬರಲಿಲ್ಲಂದ್ರ ಯಾರನ್ನ ಕೇಳಲಿ ನಾನು?"

ನಾಳೆ ಶುಕ್ರವಾರ. ಜೋಳ ಮಣ್ಣು ಒಡೆದು ಮೇಲೆ ಬರಲು ಐದು ದಿನ ಬೇಕು, ತಂಪಿದ್ದರೆ ಆರು. ಈ ಲೆಕ್ಕ ಮಾಡಲು ಅವನಿಗೆ ವಹಿ ಬೇಕಾಗಲಿಲ್ಲ. "ಇರತೇನಿ," ಎಂದ.

ಅಮೋಘಸಿದ್ದಪ್ಪ ತಲೆಯೆತ್ತಿ ಮಗನನ್ನು ನೋಡಿದ. ಕಾಲೇಜು ಸೋಮವಾರ ತೆರೆಯುವುದು ಅವನಿಗೆ ಗೊತ್ತಿತ್ತು. ಗಣಿತದ ಅರ್ಜಿಗೂ ಅದೇ ಕೊನೆಯ ದಿನ ಎಂಬುದು ಗೊತ್ತಿರಲಿಲ್ಲ.

ಅಂಗಳದಲ್ಲಿ ಯಾರ ಬಳಿಯೂ ಗಡಿಯಾರವಿರಲಿಲ್ಲ. ತಾನು ಎಣಿಸುತ್ತೇನೆ, ಆರುನೂರಕ್ಕೆ ಹತ್ತು ನಿಮಿಷವಾಗುತ್ತದೆ ಎಂದ ಮಲಕಾಜಪ್ಪ. ಶಟ್ಟೆವ್ವ ಗಂಟನ್ನು ನೀರಿಗೆ ಇಳಿಸಿದಳು. ಅವನು ಹರವಿಯ ಮುಂದೆ ನೆಲದ ಮೇಲೆ ಕೂತು "ಒಂದು" ಎಂದ.

"ಬೀಜದ ಮುಂದ ಒಂದ ಅಂತಾರೇನೋ?" ಎಂದಳು ಶಟ್ಟೆವ್ವ. "ಕಣದಾಗ ಅಳ್ಯೂದ ನೋಡಿಲ್ಲೇನು? ಲಾಭ ಅನ್ನು."

ಮಲಕಾಜಪ್ಪ ಅಪ್ಪನ ಕಡೆ ಒಮ್ಮೆ ನೋಡಿದ. ಎಲ್ಲರೂ ಕಾಯುತ್ತಿದ್ದರು. "ಲಾಭ," ಎಂದ ಕೊನೆಗೆ. "ಎರಡು. ಮೂರು." ಪ್ರಯೋಗಶಾಲೆಯಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಿಸಿದಾಗಿನ ಗತಿಯನ್ನು ನೆನೆದುಕೊಂಡು, ಎಲ್ಲಿಯೂ ಅವಸರವಾಗದಂತೆ, ಗಟ್ಟಿಯಾಗಿ ಎಣಿಸಿದ. ನೂರು ಎಂದಾಗ ಅಮೋಘಸಿದ್ದಪ್ಪ ಕಲ್ಲಿನಿಂದಿಳಿದು ಬಂದು ಮಗನ ಪಕ್ಕದಲ್ಲಿ ಕೂತ. ಹರವಿಯ ಬುಡದಲ್ಲಿ ಚೆಲ್ಲಿದ್ದ ಜೋಳದ ಕಾಳೊಂದನ್ನು ಹೆಕ್ಕಿ ನೆಲದ ಮೇಲೆ ಬೇರೆಯಾಗಿ ಇಟ್ಟ. ಇನ್ನೂರಕ್ಕೆ ಅದರ ಪಕ್ಕ ಇನ್ನೊಂದು.

ನಾನೂರರ ಹೊತ್ತಿಗೆ ಮಲಕಾಜಪ್ಪನ ದನಿ ಒಡೆಯಿತು. ಮಡಿವಾಳೆಪ್ಪ ಒಳಗೆ ಹೋಗಿ ನೀರು ತಂದ. ಎಣಿಕೆ ತಪ್ಪೀತೆಂದು ಮಲಕಾಜಪ್ಪ ಕುಡಿಯಲಿಲ್ಲ.

ಆರುನೂರು ಎಂದ. ಶಟ್ಟೆವ್ವ ಎರಡೂ ಕೈಯಿಂದ ಗಂಟನ್ನು ಎತ್ತಿ, ನೀಲಿ ನೀರು ಹರವಿಯೊಳಗೆ ಬಸಿದು ನಿಲ್ಲುವವರೆಗೆ ಹಾಗೇ ಹಿಡಿದುಕೊಂಡು ನಿಂತಳು. ಅಮೋಘಸಿದ್ದಪ್ಪ ನೆಲದ ಮೇಲಿನ ಆರು ಕಾಳುಗಳನ್ನು ಒಟ್ಟುಮಾಡಿ ತೆಗೆದುಕೊಂಡ. ಅವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡು ಕೂತ.