ಸೂತಕದ ಸಸಿ

ಮಸುಯೊ ಅತ್ತೆಯ ಕೆನ್ನೆಯ ಪಕ್ಕ ಕೊನೆಯ ಸೇವಂತಿಗೆ ಇಡುತ್ತಿದ್ದಾಗಲೇ ಅಡುಗೆಮನೆಯ ಗುಸುಗುಸು ಶವಪೆಟ್ಟಿಗೆಯವರೆಗೂ ಬಂತು.

"ನಾಳೆ ನಾಟಿ ಹಬ್ಬ. ಹಿರೋಶಿಮಾದಿಂದ ಟಿ.ವಿ.ಯವ್ರು ಬೇರೆ ಬರ್ತಾರೆ. ಸಸಿಗೇನು ಮಾಡೋದು?" ಪಕ್ಕದ ಮನೆಯ ಹಾತ್ಸು ತೋಫು ಹೆಚ್ಚುತ್ತಲೇ ಕೇಳಿದಳು.

ಹಬ್ಬದ ದಿನ ನಾಟಿಯಾಗುವ ದೇವರ ಗದ್ದೆಗೆ ಸಸಿ ಬೆಳೆಸಿಕೊಡುತ್ತಿದ್ದವಳು ಮಸುಯೊಳ ಅತ್ತೆ, ಕಿಯೋನೊ ಅಜ್ಜಿಯೇ. ಮೊನ್ನೆ ಬೆಳಿಗ್ಗೆ ಮನೆ ಹಿಂದಿನ ಸಸಿಮಡಿಗೆ ನೀರು ಬಿಟ್ಟು ಬಂದು, ಕಾಲು ತೊಳೆದು, ಜಗಲಿಯಲ್ಲಿ ಒರಗಿದವಳು ಮತ್ತೆ ಏಳಲಿಲ್ಲ.

ಎಲ್ಲರೂ ತೋಕುಜಿಯ ಕಡೆ ನೋಡಿದರು. ಗದ್ದೆಯಲ್ಲಿ ಬಿದಿರ ಚಿಟಿಕೆ ತಟ್ಟಿ ಹಾಡು ಎತ್ತಿಕೊಡುವವನು ಅವನು. ಹಬ್ಬದ ವಿಷಯದಲ್ಲಿ ಅವನ ಮಾತೇ ಕೊನೆ.

"ಸಾವಿನ ಮನೆ ಸಸಿ ದೇವರ ಗದ್ದೆಗೆ ಇಳಿಯಲ್ಲ. ಆಚೆ ಊರಿಂದ ತರ್ಸಿ."

"ಹಂಗಾದ್ರೆ ಇದನ್ನ ತಿಪ್ಪೆಗೆ ಹಾಕ್ಲಾ, ತೋಕುಜಿ ಮಾವ?" ಮಸುಯೊ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು. "ನಂಗೂ ಅತ್ತೆಗೂ ಒಂದು ದಿನಾನೂ ಸರಿಹೋಗ್ಲಿಲ್ಲ. ನಾನು ಮಾಡಿದ ಸಾರು ಅವ್ರಿಗೆ ಯಾವಾಗ್ಲೂ ಉಪ್ಪುಪ್ಪು. ಆದ್ರೂ ಅವ್ರ ಕೈ ಕೊನೆಗೆ ಮುಟ್ಟಿದ್ದು ಇದನ್ನೇ ಅಲ್ವಾ?"

ತೋಕುಜಿಯ ಕಣ್ಣು ಕಿಟಕಿಯಾಚೆಯ ಸಸಿಮಡಿಯ ಕಡೆ ಹೋಯಿತು.

*

ವರ್ಷಗಳ ಹಿಂದೆ ತೋಕುಜಿಯ ಹೆಂಡತಿ ತೀರಿಕೊಂಡದ್ದೂ ನಾಟಿಯ ಹೊತ್ತಿನಲ್ಲೇ. ಆ ವರ್ಷ ಹಬ್ಬದ ಸಸಿ ಬೆಳೆಸಿದ್ದವಳು ಅವಳು. ಅದು ಬೇಡ ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದವಳು ಕಿಯೋನೊ. ಇನ್ನು ಇವಳ ಮುಖ ನೋಡಬಾರದು ಎಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ನೋಡಿದರೆ ತನ್ನ ಮನೆಯ ಸಸಿಮಡಿ ಖಾಲಿ. ಹುಡುಕುತ್ತ ಹೋದಾಗ ಕಿಯೋನೊ ತನ್ನ ಸ್ವಂತ ಗದ್ದೆಯಲ್ಲಿ ಒಬ್ಬಳೇ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಅದೇ ಸಸಿ ನೆಡುತ್ತಿದ್ದಳು.

"ಏನೇ ಇದು? ಸೂತಕ ಅಂದ್ಯಲ್ಲ!"

"ಸೂತಕ ದೇವರ ಗದ್ದೆಗೆ. ನನ್ನ ಗದ್ದೆಗೇನು ಬಂತು? ಸುಮ್ನೆ ನಿಂತ್ಕೋಬೇಡ, ಆ ಕಟ್ಟು ಇತ್ತ ಎಸಿ."

ಸಾವಿನ ಮನೆಯ ಸಸಿ ಮುಟ್ಟಿದವಳು ಹಬ್ಬದ ಗದ್ದೆಗೆ ಇಳಿಯುವಂತಿರಲಿಲ್ಲ. ಆ ಸಲ ಡೋಲಿನ ಸದ್ದು ಕೇಳುತ್ತ ದೂರದ ರಸ್ತೆಯಲ್ಲೇ ನಿಂತಿದ್ದಳು.

*

ಹೊರಡುವವರ ಕೈಗೆಲ್ಲ ಮಸುಯೊ ಉಪ್ಪಿನ ಪೊಟ್ಟಣ ಕೊಡುತ್ತಿದ್ದಳು, ಮೈಮೇಲೆ ಚಿಮುಕಿಸಿಕೊಂಡು ಸೂತಕ ಕಳೆದುಕೊಳ್ಳಲಿ ಎಂದು. ತೋಕುಜಿ ಕೈ ಚಾಚಲಿಲ್ಲ.

"ಅಯ್ಯೋ, ತಗೊಳ್ಳಿ! ನಾಳೆ ಹಾಡೋರೇ ನೀವು," ಎಂದಳು ಹಾತ್ಸು.

"ನಿನ್ನ ಗಂಡ ಹಾಡ್ಲಿ. ಚಿಟಿಕೆ ನಮ್ಮನೆ ಗೋಡೆ ಮೇಲಿದೆ, ತಗೊಂಡ್ಹೋಗು."

"ಅವ್ರಾ? ಅವ್ರ ದನಿ ಕೇಳಿದ್ರೆ ಎತ್ತು ಹಗ್ಗ ಹರ್ಕೊಂಡು ಓಡ್ತಾವೆ!"

"ಓಡ್ಲಿ ಬಿಡು. ಟಿ.ವಿ.ಯವ್ರಿಗೂ ಏನಾದ್ರೂ ಬೇಕಲ್ಲ."

ಯಾರೂ ನಗಲಿಲ್ಲ. ಅವನು ಮನೆಯ ಹಿಂದಕ್ಕೆ, ಸಸಿಮಡಿಯ ಕಡೆ ನಡೆದ.

ಸಂಜೆ ಚಿತಾಗಾರದಿಂದ ಮರಳುವಾಗ ತೋಕುಜಿಯ ಗದ್ದೆಯ ಬಳಿ ಮಸುಯೊ ಕಾರು ನಿಲ್ಲಿಸಲು ಹೇಳಿದಳು. ಬದುವಿನ ಮೇಲೆ ಕರಿ ಕೋಟು ಮಡಚಿಟ್ಟಿತ್ತು. ಪ್ಯಾಂಟನ್ನು ಮೊಣಕಾಲಿಗೆ ಏರಿಸಿ, ಕರಿ ಟೈಯನ್ನು ಹೆಗಲ ಹಿಂದಕ್ಕೆ ಎಸೆದುಕೊಂಡು ಮುದುಕ ಬಗ್ಗಿ ನೆಡುತ್ತಿದ್ದ. ಒಂದು ಸಾಲು ನೆಟ್ಟರೆ ಹಿಂದಕ್ಕೊಂದು ಹೆಜ್ಜೆ.

ಮಸುಯೊ ಗಾಜು ಇಳಿಸಿದಳು. ಮಡಿಲಲ್ಲಿದ್ದ, ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆಯನ್ನು ಕಿಟಕಿಯ ಎತ್ತರಕ್ಕೆ ಎತ್ತಿ ಹಿಡಿದಳು.